ಹನ್ನೊಂದು ತೊಲ ನಿದ್ದೆ

ನಮ್ಮೂರಿನಲ್ಲಿ ಬೆಳಗಾಗೆದ್ದು ಮುಖ ತೊಳೆಯುವ ಮೊದಲು ದಿಂಬು ತೂಗಿಸಬೇಕು. ಮಲಗಿದವರ ನಿದ್ದೆ ದಿಂಬಿಗೆ ಇಳಿದಿರುತ್ತದೆ. ಬಿಸಿಲು ತಾಗಿದರೆ ಹಾರಿಹೋಗುತ್ತದೆ. ಹಾಗಾಗಿ ಹುಣಸೆಮರದ ನೆರಳು ಕಟ್ಟೆ ಬಿಟ್ಟು ಸರಿಯುವುದರೊಳಗೆ ಎಲ್ಲರೂ ತಂತಮ್ಮ ದಿಂಬನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಸಾಲಾಗಿ ನಿಲ್ಲುತ್ತಾರೆ. ಮೈಮುರಿದು ದುಡಿಯುವವರ ಒಳ್ಳೆಯ ನಿದ್ದೆ ಏಳು ತೊಲ ತೂಗುತ್ತದೆ. ಮುದುಕರದು ನಾಲ್ಕಾದರೂ ಚಿಂತೆಯಿಲ್ಲ. ಹೊಸದಾಗಿ ಮದುವೆಯಾದವರ ದಿಂಬು ಹಗುರವಾಗಿದ್ದರೆ ಸಾಲಿನಲ್ಲಿ ನಿಂತವರಿಗೆಲ್ಲ ಒಮ್ಮೆಗೇ ಕೆಮ್ಮು ಬರುತ್ತದೆ.

ತೂಕ ಬರಿಯ ಕುತೂಹಲಕ್ಕಲ್ಲ. ಒಂಬತ್ತು ದಿನ ಎಡೆಬಿಡದೆ ಎರಡು ತೊಲಕ್ಕಿಂತ ಕಡಿಮೆ ತೂಗಿದವರು ಕತ್ತಿ, ಬೆಂಕಿ, ಚಕ್ರ ಮುಟ್ಟುವಂತಿಲ್ಲ. ಕ್ಷೌರಿಕನಾದರೆ ಕತ್ತಿಯನ್ನು ಗೂಟಕ್ಕೆ ಸಿಕ್ಕಿಸುತ್ತಾನೆ, ಬಸ್ಸಿನವನಾದರೆ ಕೀಲಿಕೈ ಒಪ್ಪಿಸುತ್ತಾನೆ. ಮತ್ತೆ ಎರಡು ತೊಲ ಮುಟ್ಟಿದ ದಿನ ತಡೆ ತೆರವಾಗುತ್ತದೆ. ಇದನ್ನು ಶಿಕ್ಷೆಯೆಂದು ಯಾರೂ ಕರೆಯುವುದಿಲ್ಲ. ಆದರೆ ತಡೆ ಹಾಕಲು ಮನೆಗೆ ಬರುವವರಿಗೆ ಯಾರೂ ಕೂರಲು ಹೇಳುವುದೂ ಇಲ್ಲ. ಹಾಗೆ ಹೋಗಬೇಕಾದದ್ದು ತೂಗುವವರೇ, ಅಂದರೆ ನಾನೇ.

ದೊಡ್ಡ ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ನಾನು ಮರಳಿದಾಗ ಅಪ್ಪನ ಕೈ ನಡುಗಲು ಶುರುವಾಗಿತ್ತು. ತಕ್ಕಡಿ ನನ್ನ ಕೈಗೆ ಬಂತು. ನಾನು ತಂದ ಸುಧಾರಣೆ ಒಂದೇ. ಯುಗಾದಿಯ ಮರುದಿನ ಪ್ರತಿ ದಿಂಬನ್ನೂ ಬಿಸಿಲಿಗೆ ಒಣಗಿಸಿ, ಬರಿದಾದ ದಿಂಬಿನ ತೂಕವನ್ನು ಅದರ ಮೂಲೆಯಲ್ಲಿ ಕೆಂಪು ದಾರದ ಹೊಲಿಗೆಯಲ್ಲಿ ಗುರುತು ಮಾಡಿಸಿದೆ. ಮುಂಜಾನೆ ಬಂದ ತೂಕದಲ್ಲಿ ಆ ಗುರುತಿನಷ್ಟು ಕಳೆದರೆ ಉಳಿದದ್ದು ನಿದ್ದೆ. ತೂಗುವ ಮೊದಲು ಗವಸು ತೆಗೆಯಬೇಕೆಂಬುದು ಅಪ್ಪನಿಗಿಂತ ಹಳೆಯ ಪದ್ಧತಿ.

ಊರಿಗೆ ಮೊಬೈಲ್ ಬಂದು, ಕಾಳು ತುಂಬಿಡುವ ಹಗೇವುಗಳ ದಿಬ್ಬದ ಮೇಲೆ ಟಾವರ್ ನಿಂತು ಮೂರು ವರ್ಷವಾಗಿತ್ತು. ಈ ಮೂರು ವರ್ಷಗಳಲ್ಲಿ ಊರಿನ ನಿದ್ದೆ ಸರಾಸರಿ ಒಂದೂಕಾಲು ತೊಲ ಇಳಿಯಿತು. ಇದನ್ನು ಊರಿಗೆ ಹೇಳಿದವಳು ನಾನೇ. ಹೇಳಿದ ದಿನದಿಂದ ಎಲ್ಲರ ಕಣ್ಣೂ ಟಾವರಿನ ಮೇಲೆ ನೆಟ್ಟಿತು. ಪಂಚರಲ್ಲಿ ಹಿರಿಯನಾದ, ಎಣ್ಣೆ ಗಾಣದ ತಿರಕಪ್ಪ ಒಂದು ದಿನ ಕಟ್ಟೆಯ ಮೇಲೆ ನನ್ನನ್ನು ಸಾಕ್ಷಿಯಂತೆ ನಿಲ್ಲಿಸಿ ಕೇಳಿದ.

“ತೂಕದಕ್ಕಾರ, ಆ ಕಂಬದಿಂದ ಏನರ ಹೊರಗ ಬರತೈತೋ ಇಲ್ಲೋ?”

“ಬರತೈತ್ರಿ.”

“ಅದು ನಮ್ಮ ತಲಿಯೊಳಗ ಹೊಗತೈತೋ ಇಲ್ಲೋ?”

“ಒಂದೀಟು ಹೊಗತೈತ್ರಿ. ಆದ್ರ...”

“ಸಾಕು ಬಿಡ್ರಿ. ‘ಆದ್ರ’ ಅಂದ ಕೂಡ್ಲೆ ಕಾಲೇಜು ಸುರು ಆತು.”

ಎಲ್ಲರೂ ನಕ್ಕರು. ನಗು ನಿಂತ ಮೇಲೂ ನನಗೆ ತಿಳಿದಷ್ಟನ್ನು ಹೇಳಿದೆ. ಆ ಅಲೆಗಳ ಕಸುವು ದೀಪದ ಬೆಳಕಿಗಿಂತ ಎಷ್ಟೋ ಪಾಲು ಕಡಿಮೆ. ಮೈಯೊಳಗಿನ ಅಣುಗಳ ಕಟ್ಟು ಬಿಚ್ಚುವ ಶಕ್ತಿ ಅದಕ್ಕಿಲ್ಲ. ಹೆಚ್ಚೆಂದರೆ ಕಿವಿಯನ್ನು ತುಸು ಬೆಚ್ಚಗೆ ಮಾಡೀತು. ತೀರ ದೀರ್ಘಕಾಲ ಬಳಸಿದರೆ ಏನು ಎಂಬುದನ್ನು ತಿಳಿದವರು ಇನ್ನೂ ನೋಡುತ್ತಿದ್ದಾರೆ. ಇಲ್ಲಿಯವರೆಗೆ ಗಟ್ಟಿಯಾದ ಕೇಡು ಕಂಡಿಲ್ಲ. ನನ್ನ ತಕ್ಕಡಿ ಹೇಳುವುದಾದರೆ, ದೀಪ ಆರಿಸಿದ ಮೇಲೂ ಫೋನನ್ನು ಮುಖದೆದುರು ಹಿಡಿದುಕೊಂಡವರ ದಿಂಬು ಹಗುರವಾಗಿದೆ. ಫೋನನ್ನು ಗೂಡಿನಲ್ಲಿಟ್ಟು ಮಲಗುವವರ ದಿಂಬು, ಮನೆ ಟಾವರಿನ ಬುಡದಲ್ಲೇ ಇದ್ದರೂ, ಮೊದಲಿನಷ್ಟೇ ಇದೆ.

“ಅಂದ್ರ ತಪ್ಪು ನಮ್ದ ಅಂದಂಗಾತು,” ಎಂದ ತಿರಕಪ್ಪ.

ಹೊಳೆಯಾಚೆಯ ಓಣಿಗಳ ದಿಂಬು ತೂಗುವ ಮೌಲಾಸಾಬ ಅಂದು ನಮ್ಮ ಕಟ್ಟೆಯಲ್ಲೇ ಕೂತಿದ್ದ. “ಕಂಬದ ಮ್ಯಾಲ ಹಾಕೂದು ಚಲೋ ಬಿಡ್ರಿ ಯಜಮಾನ್ರ. ಅದು ತಿರುಗಿ ಮಾತಾಡಂಗಿಲ್ಲ,” ಎಂದ. ತಿರಕಪ್ಪ ಅವನ ಕಡೆ ನೋಡಲಿಲ್ಲ.

ಇಷ್ಟರಲ್ಲಿ ನೀಲಗಂಗವ್ವನ ದಿಂಬು ಇಳಿಯತೊಡಗಿತ್ತು. ಬಸ್ಸು ನಿಲ್ಲುವ ಜಾಗದಲ್ಲಿ ಖಾನಾವಳಿ ನಡೆಸುವ ಹೆಂಗಸು, ನಲವತ್ತೈದರ ಆಸುಪಾಸು, ಮದುವೆಯ ಗೊಡವೆಗೆ ಹೋದವಳಲ್ಲ. ಒಂದು ಕೈಯಲ್ಲಿ ರೊಟ್ಟಿ ಬಡಿಯುತ್ತ ಇನ್ನೊಂದು ಕೈಯಲ್ಲಿ ಬಡಿಸಬಲ್ಲಳು. ಆ ಒಲೆಯೇ ಅವಳ ಊಟ, ಅವಳ ಮನೆ, ಅವಳ ಮಾತುಕತೆ. ವರ್ಷದ ಹಿಂದೆ ಆರೂವರೆ ತೊಲ ತೂಗುತ್ತಿದ್ದ ದಿಂಬು ಮೂರಕ್ಕೆ ಬಂದು, ಆಮೇಲೆ ಒಂದೂಮುಕ್ಕಾಲಕ್ಕೆ ಇಳಿದು, ಆರು ದಿನದಿಂದ ಅಲ್ಲೇ ನಿಂತಿತ್ತು. ಇನ್ನು ಮೂರು ದಿನ ಹೀಗೇ ಹೋದರೆ ಒಲೆ ಆರಿಸಬೇಕು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಸಾಲಿನಲ್ಲಿ ನಿಂತವರಿಗೂ ಗೊತ್ತಿತ್ತು. ಅವಳ ಸರದಿ ಬಂದಾಗ ಯಾರೂ ಕೆಮ್ಮುತ್ತಿರಲಿಲ್ಲ.

ಏಳನೆಯ ದಿನ ಅವಳು ಹೊಳೆಯುವ ಗವಸು ಹಾಕಿದ ದಿಂಬು ತಂದಳು. ಸೈಕಲ್ಲಿನ ಮೇಲೆ ಬಂದ ವ್ಯಾಪಾರಿಯೊಬ್ಬ ಮಾರಿಹೋಗಿದ್ದನಂತೆ. ತಾಮ್ರದ ಎಳೆ ಹಾಕಿ ನೇಯ್ದದ್ದು, ಟಾವರಿನ ಅಲೆಯನ್ನು ಹೊರಗೇ ನಿಲ್ಲಿಸುತ್ತದೆ ಎಂದನಂತೆ. ನಾನು ಗವಸು ತೆಗೆಯಲು ಹೋದೆ. ಅವಳು ಕೈ ಅಡ್ಡ ಹಿಡಿದಳು.

“ತಗೀಬ್ಯಾಡ್ರಿ ಅಕ್ಕಾರ. ತಗದ್ರ ಹಿಡಿದ ನಿದ್ದಿ ಹಾರಿಹೋಗತೈತಂತ.”

ಆಗ ನಾನು ಬೇಡವೆನ್ನಬೇಕಿತ್ತು. ಆದರೆ ಅವಳ ಕಣ್ಣು ಕೆಂಪಾಗಿ ಊದಿತ್ತು. ಗವಸಿನ ಸಮೇತ ತೂಗಿದೆ. ಮೂರು ತೊಲ ಬಂತು. ಕಟ್ಟೆಯಲ್ಲಿ ಸಿಳ್ಳೆ ಬಿತ್ತು. ಮರುದಿನವೂ ಮೂರು. ಮೂರನೆಯ ದಿನ ಸಾಲಿನ ಅರ್ಧ ದಿಂಬುಗಳಿಗೆ ತಾಮ್ರದ ಗವಸು; ನಾಲ್ಕನೆಯ ದಿನ ತಿರಕಪ್ಪನ ದಿಂಬಿಗೂ. ಎಲ್ಲರ ನಿದ್ದೆಯೂ ಏರಿತು. “ಕಾಲೇಜು ಸೋತಿತು ನೋಡ್ರಿ,” ಎಂದು ತಿರಕಪ್ಪ ನನಗೆ ಬೆಲ್ಲ ಕೊಟ್ಟ. ನಾನು ತಿಂದೆ.

ಆದರೆ ಒಂದು ಸಂಗತಿ ಗಂಟಲಲ್ಲೇ ಉಳಿಯಿತು. ಏರಿಕೆ ಎಲ್ಲರಲ್ಲೂ ಒಂದೇ ಆಗಿತ್ತು. ಮಗುವಿಗೂ ಮುದುಕನಿಗೂ, ಗೊರಕೆಯವನಿಗೂ ಬಾಣಂತಿಗೂ, ಎಲ್ಲರಿಗೂ ಒಂದೂಕಾಲು ತೊಲ. ಬದುಕಿರುವ ಜೀವಗಳಲ್ಲಿ ಯಾವುದೂ ಇಷ್ಟು ಅಚ್ಚುಕಟ್ಟಾಗಿ ಏರುವುದಿಲ್ಲ. ಅಂದು ಮಧ್ಯಾಹ್ನ ಪಕ್ಕದ ಮನೆಯವರ ಬಳಿ ಒಂದು ಗವಸು ಇಸಿದುಕೊಂಡು, ಬರಿಯ ಗವಸನ್ನೇ ಮಡಚಿ ತಕ್ಕಡಿಗೆ ಹಾಕಿದೆ. ಒಂದೂಕಾಲು ತೊಲ. ನಾನು ನಾಲ್ಕು ದಿನ ತಾಮ್ರ ತೂಗಿ ನಿದ್ದೆ ಎಂದು ಬರೆದಿದ್ದೆ.

ಹಾಗಾದರೆ ನೀಲಗಂಗವ್ವನದು ಒಂದೂಮುಕ್ಕಾಲೇ. ಒಂಬತ್ತು ದಿನ ಆಗಿ ಮೇಲೊಂದು ದಿನ ಕಳೆದಿತ್ತು.

ಊರಿಗೆ ಹೇಳುವ ಮೊದಲು ಅವಳಿಗೆ ಹೇಳುವುದು ಸರಿ ಎನ್ನಿಸಿತು. ಊಟದವರೆಲ್ಲ ಎದ್ದುಹೋದ ಹೊತ್ತಿಗೆ ಖಾನಾವಳಿಗೆ ಹೋದೆ. ಅವಳು ಒಲೆಯ ಮುಂದೆ ಕೂತು ಮುಂಗೈಗೆ ಬೆಣ್ಣೆ ಸವರಿಕೊಳ್ಳುತ್ತಿದ್ದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಮೂರು ಸುಟ್ಟ ಗೆರೆ. ಒಂದು ಹಳೆಯದು, ಎರಡು ಹೊಸವು.

“ತೂಕಡಿಕಿ ಬಂತ್ರಿ, ಹಂಚಿನ ಮ್ಯಾಲ ಕೈ ಬಿತ್ತು,” ಎಂದಳು, ನಾನು ಕೇಳುವ ಮೊದಲೇ.

ಗವಸಿನ ವಿಷಯ ಹೇಳಿದೆ. ಅವಳು ಬೆಣ್ಣೆಯ ಬಟ್ಟಲಿಗೆ ಮುಚ್ಚಳ ಹಾಕಿದಳು. ಹಾಕಿದ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದಳು.

“ನಾಳಿಂದ ರೊಟ್ಟಿ ಇಲ್ಲ ಅನ್ರಿ.”

“ತಪ್ಪು ನಂದು. ಮೊದಲನೇ ದಿನಾನ ಗವಸ ತಗೀಬೇಕಿತ್ತು.”

“ತಪ್ಪು ನಿಮ್ದೂ ಅಲ್ಲ, ಆ ಟಾವರಂದು. ಅದನ್ನ ತಗಸ್ರಿ ಅಕ್ಕಾರ. ನೀವು ಒಂದು ಮಾತು ಹೇಳಿದ್ರ ಪಂಚರು ತಗಸ್ತಾರ.”

“ನೀಲಗಂಗವ್ವ, ಫೋನ್ ಎಲ್ಲಿ ಇಡ್ತೀ ಮಲಗುವಾಗ?”

“ದಿಂಬಿನ ಮ್ಯಾಲ. ಕಿವಿ ಕಡೆ.”

“ಮೂರು ದಿನ ಹಿಟ್ಟಿನ ಡಬ್ಬಿಯೊಳಗ ಇಟ್ಟು ನೋಡು.”

ಅವಳ ಮುಖ ಕಿಟಕಿ ಮುಚ್ಚಿದಂತೆ ಮುಚ್ಚಿಕೊಂಡಿತು. “ಅದೊಂದು ಆಗಂಗಿಲ್ರಿ,” ಎಂದಳು. ಯಾಕೆಂದು ಕೇಳಿದೆ. “ಅದು ಇನ್ನೊಬ್ಬರ ಮಾನದ ಮಾತು. ನೀವು ಕೇಳಬ್ಯಾಡ್ರಿ, ನಾ ಹೇಳಂಗಿಲ್ಲ. ಒಲಿ ಆರಸೂದಿದ್ರ ಆರಸ್ರಿ.”

ಮರುದಿನ ಕಟ್ಟೆಯ ಮೇಲೆ ನಿಂತು ನನ್ನ ತಪ್ಪನ್ನು ಹೇಳಿದೆ. ಗವಸು ಕೊಂಡವರಿಗೆ ವ್ಯಾಪಾರಿಗಿಂತ ನನ್ನ ಮೇಲೆ ಹೆಚ್ಚು ಸಿಟ್ಟು ಬಂತು. ಆಮೇಲೆ ತಂಬಿಗೆ ಹಿಡಿದು ಖಾನಾವಳಿಗೆ ಹೋಗಿ, ಉರಿಯುವ ಒಲೆಗೆ ನೀರು ಸುರಿದೆ. ಸುರಿಯುವಾಗ ನೀಲಗಂಗವ್ವ ಪಕ್ಕದಲ್ಲೇ ನಿಂತಿದ್ದಳು. ಬಸ್ಸಿಳಿದು ಬಂದ ಇಬ್ಬರು ಹೊಗೆ ನೋಡಿ, ಊಟ ಇದೆ ಎಂದುಕೊಂಡು, ಒಳಗೆ ಬಂದು ಎಲೆಯ ಮುಂದೆ ಕೂತರು. ಅವರಿಗೆ ಅವಳೇ ಹೇಳಬೇಕಾಯಿತು.

ಮೂರು ದಿನಗಳ ನಂತರವೂ ದಿಂಬು ಒಂದೂವರೆಯ ಮೇಲೆ ಏರಲಿಲ್ಲ. ಕೆಲಸವಿಲ್ಲದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವಳು ಖಾನಾವಳಿಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಟಾವರನ್ನು ಕೆಡವಬೇಕೆಂದು ತಿರಕಪ್ಪ ಪಂಚರನ್ನು ಸೇರಿಸಿದ. ಹುಣ್ಣಿಮೆಗೆ ತೀರ್ಮಾನವೆಂದು ಆಯಿತು. ನನಗೆ ಬೇಕಾಗಿದ್ದದ್ದು ಟಾವರಿಲ್ಲದ ಒಂದು ದಿನದ ಲೆಕ್ಕ. ಆಗ ನೆನಪಾಯಿತು: ಎರಡು ತಿಂಗಳ ಹಿಂದೆ ಸಿಡಿಲು ಬಡಿದು ಟಾವರ್ ಎರಡು ದಿನ ಸತ್ತುಬಿದ್ದಿತ್ತು.

ಆ ಎರಡು ದಿನದ ತೂಕ ಬರೆದಿಟ್ಟ ಹಾಳೆ ತೆಗೆದೆ. ಊರಿನ ಸರಾಸರಿ ಕೂದಲೆಳೆಯಷ್ಟೂ ಏರಿರಲಿಲ್ಲ. ಆದರೆ ನೀಲಗಂಗವ್ವನ ದಿಂಬು ಆ ಎರಡೇ ದಿನ ಐದೂಕಾಲು ತೂಗಿತ್ತು! ಇದನ್ನು ತಿರಕಪ್ಪನಿಗೆ ತೋರಿಸಿದರೆ ಹುಣ್ಣಿಮೆಯವರೆಗೂ ಕಾಯುವುದಿಲ್ಲ. ಆದರೆ ಅಲೆಯೇ ಕಳ್ಳನಾದರೆ ಎಲ್ಲರ ಮನೆಯಲ್ಲೂ ಕದಿಯಬೇಕು. ಇಡೀ ಊರಿನಲ್ಲಿ ಇವಳ ಮನೆಗೆ ಮಾತ್ರ ಯಾಕೆ ಕನ್ನ?

ಹೊಳೆ ದಾಟಿ ಮೌಲಾಸಾಬನ ಹಾಳೆಗಳನ್ನು ಇಸಿದುಕೊಂಡು ಬಂದು ಸಾಲು ಸಾಲಾಗಿ ನೋಡಿದೆ. ನೂರಾ ಎಪ್ಪತ್ತು ದಿಂಬುಗಳಲ್ಲಿ ಒಂದು ದಿಂಬು ಸಿಡಿಲಿನ ಆ ಎರಡು ದಿನ ಏರಿತ್ತು. ಅದನ್ನು ಹಿಡಿದು ಹಿಂದಕ್ಕೆ ಹೋದೆ. ನೀಲಗಂಗವ್ವನದು ಇಳಿದ ದಿನ ಅದೂ ಇಳಿದಿತ್ತು. ಅವಳದು ಅರ್ಧ ತೊಲ ಏರಿದ ದಿನ ಅದೂ ಏರಿತ್ತು. ಎಂಟು ತಿಂಗಳು, ಹೊಳೆಯ ಎರಡು ದಡಗಳಲ್ಲಿ, ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಎರಡು ದಿಂಬುಗಳು ನಡೆದಿದ್ದವು. ಹೆಸರಿನ ಮೇಲೆ ಬೆರಳಿಟ್ಟು ಓದಿದೆ. ಚೆನ್ನಬಸವ್ವ. ನೀಲಗಂಗವ್ವನ ಅಕ್ಕ. ಎಂಟು ತಿಂಗಳ ಹಿಂದೆ ಅವಳ ಗಂಡ ತೀರಿಕೊಂಡಿದ್ದ.

ಮರುದಿನ ಮಧ್ಯಾಹ್ನ ದೋಣಿ ಹತ್ತಿ ಅವಳ ಮನೆಗೆ ಹೋದೆ. ಚೆನ್ನಬಸವ್ವ ಬೇಳೆ ಆರಿಸುತ್ತ ಕೂತಿದ್ದಳು, ಕಲ್ಲನ್ನು ಪಾತ್ರೆಗೆ ಹಾಕಿ ಬೇಳೆಯನ್ನು ಅಂಗಳಕ್ಕೆ ಎಸೆಯುತ್ತಿದ್ದಳು. ನಾನು ಸುತ್ತಿ ಬಳಸದೆ, ಮಲಗುವಾಗ ಫೋನ್ ಎಲ್ಲಿಡುತ್ತೀರಿ ಎಂದು ಕೇಳಿದೆ.

“ನನ್ನ ತಂಗಿ ಏನರ ಹೇಳಿದ್ಲೇನ್ರಿ?”

“ಏನೂ ಹೇಳಿಲ್ರಿ. ಇನ್ನೊಬ್ಬರ ಮಾನದ ಮಾತಂತ.”

“ಆಕಿ ಮಾನದ್ದಾ ಮಾತದು, ಮತ್ತ ಯಾರದು?” ಎಂದು ಚೆನ್ನಬಸವ್ವ ಮೊರ ಕೆಳಗಿಟ್ಟಳು. “ನಮ್ಮ ಮನಿಯವರು ಹೋದ ಮ್ಯಾಲ ಆಕಿಗೆ ಅಂಜಿಕಿ ಹೊಕ್ಕೈತ್ರಿ. ಒಬ್ಬಾಕಿನ ಇರತಾಳ ನೋಡ್ರಿ ಪಾಪ. ಉಂಡ ಮ್ಯಾಲ ಫೋನ್ ಹಚ್ಚತಾಳ. ಮಾತು ಮುಗದ್ರೂ ಇಡಂಗಿಲ್ಲ, ‘ಹಂಗ ಚಾಲೂ ಇರಲಿ ಅಕ್ಕಾ’ ಅಂತಾಳ. ನಾ ಅರ್ಥ ಮಾಡ್ಕೊಂಡೆ. ಕಿವಿ ಹತ್ರ ಇಟ್ಕೊಂಡು ಆಕಿ ಉಸಿರು ಕೇಳ್ತಿರತೀನಿ. ಆಕಿಗೆ ನಿದ್ದಿ ಹತ್ತಿದ ಮ್ಯಾಲ ನಾನೂ ಮಲಗಿದ್ರಾತು ಅಂತ. ಖೋಡಿ, ಆಕಿಗೆ ನಿದ್ದಿನ ಹತ್ತೂದಿಲ್ಲ. ಬೆಳತನಕ ಎಚ್ಚರ ಇರತಾಳ, ಉಸಿರಿನ ಮ್ಯಾಲ ಗೊತ್ತಾಗತೈತಿ.”

“ನೀವು ಹೊರಳಾಡಂಗಿಲ್ಲ?”

“ಹೊರಳಿದ್ರ ಆಕಿಗೆ ಕೇಳತೈತಲ್ರಿ. ಕಟ್ಟಿಗಿ ಹಂಗ ಬಿದ್ಕೊಂಡಿರತೀನಿ.”

ನಾನು ಅವಳ ಅಂಗಳದಲ್ಲಿ ಬಿದ್ದ ಬೇಳೆಯನ್ನು ಒಂದೊಂದಾಗಿ ಹೆಕ್ಕತೊಡಗಿದೆ. ಅವಳ ತಂಗಿಯ ಒಲೆ ಆರಿ ಐದು ದಿನವಾಯಿತೆಂದು ಕೊನೆಗೆ ಹೇಳಿದೆ. ನೀಲಗಂಗವ್ವ ಅಕ್ಕನಿಂದ ಅದನ್ನೂ ಮುಚ್ಚಿಟ್ಟಿದ್ದಳು. ಚೆನ್ನಬಸವ್ವ ಬಾಗಿಲಿಗೆ ಚಿಲಕ ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ನನಗಿಂತ ಮೊದಲು ದೋಣಿ ಹತ್ತಿದಳು.

ತಣ್ಣಗಾದ ಒಲೆಯ ಮುಂದೆ ಅಕ್ಕತಂಗಿಯರು ಆಡಿದ ಜಗಳವನ್ನು ನಾನು ಹೊಸ್ತಿಲಲ್ಲಿ ನಿಂತು ಕೇಳಿದೆ.

“ನಿನಗ ಅಂಜಿಕಿ ಆಗತೈತಂತ ನಾ ಎಂಟು ತಿಂಗಳ ಕಣ್ಣು ಮುಚ್ಚಿಲ್ಲ!”

“ನನಗ್ಯಾಕ ಅಂಜಿಕಿ? ಇಪ್ಪತ್ತು ವರ್ಸದಿಂದ ಒಬ್ಬಾಕಿನ ಮಲಗಾಕತ್ತೀನಿ! ಮಾವ ಹೋದ ಮ್ಯಾಲ ಆ ದೊಡ್ಡ ಮನಿಯೊಳಗ ನೀ ಒಬ್ಬಾಕಿ ಅಂತ ನಾ ಫೋನ್ ಚಾಲೂ ಇಟ್ಟೆ. ನೀ ಮಲಗಲಿ ಅಂತ ನಾ ಕಾಯಾಕತ್ತಿದ್ದೆ!”

“ನಿನ್ನ ಯಾರು ಕಾಯಿ ಅಂದಿದ್ರು?”

“ನಿನ್ನ ಯಾರು ಅಂದಿದ್ರು?”

“ನಾ ಹಿರ್ಯಾಕಿ!”

“ಹಿರ್ಯಾಕಿ ಇದ್ರ ಹೇಳಬೇಕಿತ್ತು, ಬಾಯಿ ಇಲ್ಲೇನು? ನಿನ್ನ ಮಾನ ಹೋಗತೈತಂತ ನಾ ಒಲಿ ಕಳಕೊಂಡೆ!”

ಕೇಳುತ್ತ ನಿಲ್ಲುವುದು ಸರಿಯಲ್ಲವೆನ್ನಿಸಿ ನಾನು ಮನೆಗೆ ಬಂದೆ. ಸಂಜೆಯ ದೋಣಿಯಲ್ಲಿ ಚೆನ್ನಬಸವ್ವ ಹಿಂತಿರುಗಲಿಲ್ಲ ಎಂಬುದಷ್ಟು ತಿಳಿಯಿತು.

ಮುಂಜಾನೆ ಇಬ್ಬರೂ ಕಟ್ಟೆಗೆ ಬಂದರು. ಕೂದಲು ಕೆದರಿತ್ತು, ಚೆನ್ನಬಸವ್ವನ ಕೆನ್ನೆಯ ಮೇಲೆ ಚಾಪೆಯ ಅಚ್ಚು ಬಿದ್ದಿತ್ತು. ಇಬ್ಬರ ನಡುವೆ ಒಂದೇ ದಿಂಬು. ಅವಸರದಲ್ಲಿ ಹೊರಟವಳು ತನ್ನದನ್ನು ತಂದಿರಲಿಲ್ಲ. ನೀಲಗಂಗವ್ವನ ಮನೆಯಲ್ಲಿ ಇನ್ನೊಂದು ಇರಲಿಲ್ಲ. ತನ್ನ ಸಾಲಿನಲ್ಲಿ ಒಂದು ದಿಂಬು ಕಡಿಮೆಯಾಯಿತೆಂದು ಹುಡುಕುತ್ತ ಮೌಲಾಸಾಬನೂ ಮೊದಲ ದೋಣಿಯಲ್ಲೇ ಬಂದಿದ್ದ.

ಗವಸು ತೆಗೆದೆ. ತೂಗಿದೆ. ಕೆಂಪು ಹೊಲಿಗೆಯಷ್ಟು ಕಳೆದೆ. ನಂಬಿಕೆಯಾಗದೆ ತೂಕದ ಬಟ್ಟುಗಳನ್ನು ಬದಲಿಸಿ ಮತ್ತೊಮ್ಮೆ ತೂಗಿದೆ. ಹನ್ನೊಂದು ತೊಲ.

“ಒಲಿ ಹಚ್ಚಲೇನ್ರಿ?” ಎಂದಳು ನೀಲಗಂಗವ್ವ.

“ತಡಿ ತಂಗಿ,” ಎಂದ ತಿರಕಪ್ಪ. ಗವಸಿನ ಸೋಲು ಅವನಿಗೆ ಇನ್ನೂ ಮಾಸಿರಲಿಲ್ಲ. “ಒಬ್ಬರಿಗೆ ಒಂದು ದಿಂಬು, ಅದು ಪದ್ಧತಿ. ಇದರಾಗ ನಿಂದೆಷ್ಟು, ನಿಮ್ಮಕ್ಕಂದೆಷ್ಟು?”

“ಅರ್ಧಾ ಅರ್ಧಾ ಮಾಡ್ರಿ,” ಎಂದಿತು ಸಾಲು.

“ಅರ್ಧ ಅನ್ನಾಕ ಆಧಾರ ಏನೈತಿ? ಹನ್ನೊಂದರಾಗ ಹತ್ತು ಆಕೀದ ಇರಬಹುದು. ಹೇಳ್ರಿ ತೂಕದಕ್ಕಾರ, ನೀವು ಗವಸ ತೂಗಿದವರು.”

ಏಟು ತಾಗಿತು, ಆದರೆ ಮಾತು ನ್ಯಾಯವಾದದ್ದೇ. ಬೆರೆತ ನಿದ್ದೆಯನ್ನು ಬೇರೆ ಮಾಡುವ ತಕ್ಕಡಿ ನನ್ನ ಬಳಿ ಇರಲಿಲ್ಲ. ಅರ್ಧ ಎಂದು ಹೇಳಿಬಿಟ್ಟರೆ ಎಲ್ಲರೂ ಒಪ್ಪುತ್ತಿದ್ದರು. ತಿಳಿಯದ್ದನ್ನು ತಿಳಿದಂತೆ ಬರೆದು ಒಮ್ಮೆ ಕೆಟ್ಟಿದ್ದೆ. ನೀಲಗಂಗವ್ವ ನನ್ನ ತುಟಿಯನ್ನೇ ನೋಡುತ್ತಿದ್ದಳು. ದಿಂಬಿನ ಮೇಲೆ ಕೈಯಿಟ್ಟು ಹಳೆಯ ಹಾಳೆಗಳ ಅಂಕಿಗಳನ್ನು ನೆನೆದೆ. ಹುಣಸೆಯ ನೆರಳು ಕಟ್ಟೆಯ ಅಂಚಿಗೆ ಸರಿದಿತ್ತು.

“ಮೌಲಾಸಾಬ್, ನಿಮ್ಮ ಕಡೆ ಇಲ್ಲೀ ತನಕ ಒಬ್ಬರ ನಿದ್ದಿ ಭಾಳ ಅಂದ್ರ ಎಷ್ಟು ತೂಗೈತ್ರಿ?”

“ಎಂಟೂವರಿ. ನಮ್ಮ ಪೈಲವಾನ, ಕುಸ್ತಿ ಗೆದ್ದು ಬಂದ ಮರುದಿನ. ನಮ್ಮಪ್ಪನ ಹಾಳಿಯೊಳಗೂ ಅದಕ್ಕಿಂತ ಹೆಚ್ಚಿಂದು ಇಲ್ಲ.”

“ನಮ್ಮ ಕಡೆ ಒಂಬತ್ತು. ಮೂರು ದಿನ ಬ್ಯಾನಿ ತಿಂದು ಹಡೆದಾಕಿ ಒಬ್ಬಾಕೀದು. ಅರವತ್ತು ವರ್ಸದಾಗ ಒಬ್ಬರದೂ ಒಂಬತ್ತು ದಾಟಿಲ್ಲ.” ತಿರಕಪ್ಪನ ಕಡೆ ತಿರುಗಿದೆ. “ನೀವು ಹೇಳಿದಂಗ ಚೆನ್ನಬಸವ್ವನ ಪಾಲು ಎಷ್ಟು ಹೆಚ್ಚು ಹಿಡದ್ರೂ ಒಂಬತ್ತು ಹಿಡೀರಿ, ಯಜಮಾನ್ರ. ಹನ್ನೊಂದರಾಗ ಒಂಬತ್ತು ಹೋದ್ರ?”

ತಿರಕಪ್ಪ ಬೆರಳು ಮಡಚಿದ. ಮತ್ತೆ ಬಿಚ್ಚಿ ಮಡಚಿದ. “ಎರಡು,” ಎಂದ.

“ನೀಲಗಂಗವ್ವನ ಪಾಲು ಎಷ್ಟಂತ ನನಗ ಗೊತ್ತಿಲ್ಲ. ಹೆಚ್ಚಿದ್ದೀತು. ಎರಡಕ್ಕ ಕಡಿಮಿ ಅಂತೂ ಇರಾಕ ಸಾಧ್ಯ ಇಲ್ಲ.”

“ಒಪ್ಪಿದೆ ಬಿಡ್ರಿ,” ಎಂದ ತಿರಕಪ್ಪ. ಆಮೇಲೆ ತಾನು ಪಂಚರಲ್ಲಿ ಹಿರಿಯನೆಂಬುದು ನೆನಪಾಗಿ, “ಪಂಚರೂ ಒಪ್ಪಿದ್ರು,” ಎಂದು ಸೇರಿಸಿದ.

ನೀಲಗಂಗವ್ವ ಅದನ್ನು ಕೇಳಲು ಅಲ್ಲಿರಲಿಲ್ಲ. ದಿಂಬನ್ನು ಅಕ್ಕನ ಕೈಗೆ ಹಾಕಿ, ಸೀರೆ ಎತ್ತಿಕಟ್ಟಿ, ಬಸ್ಸಿನ ಕಡೆಯ ದಾರಿ ಹಿಡಿದು ಓಡುತ್ತಿದ್ದಳು. “ಹಿಟ್ಟು ಹಳೇದಾಗೇತೇನೋ ನೋಡ ಮೊದಲ!” ಎಂದು ಚೆನ್ನಬಸವ್ವ ಹಿಂದಿನಿಂದ ಕೂಗಿದಳು.

ಹುಣ್ಣಿಮೆಯ ಸಭೆಗೆ ನನ್ನ ಹಾಳೆಗಳನ್ನೆಲ್ಲ ಒಯ್ದೆ. ಅಲೆಯ ತಪ್ಪು ಕಾಣಲಿಲ್ಲ, ಎಚ್ಚರ ಕೂರುವುದರ ತಪ್ಪು ಕಂಡಿತು ಎಂದು ಬರೆದುಕೊಟ್ಟೆ. ಟಾವರ್ ಉಳಿಯಿತು. ತಿರಕಪ್ಪನಿಗೆ ಈಗಲೂ ಅನುಮಾನ ಪೂರ್ತಿ ಹೋಗಿಲ್ಲ. ಆದರೆ ಫೋನನ್ನು ಗಾಣದ ಮನೆಯಲ್ಲೇ ಬಿಟ್ಟು ಮಲಗಲು ಹೋಗುತ್ತಾನೆ, ಅವನ ದಿಂಬು ಮುಕ್ಕಾಲು ತೊಲ ಏರಿದೆ. ಅದು ಅಲೆ ತಪ್ಪಿದ್ದಕ್ಕೋ, ಬೆಳಕು ತಪ್ಪಿದ್ದಕ್ಕೋ, ಮಗಳ ಮನೆಯ ಸುದ್ದಿಗಳು ತಪ್ಪಿದ್ದಕ್ಕೋ ಎಂದು ಅವನೊಂದಿಗೆ ವಾದಿಸಲು ಹೋಗಿಲ್ಲ.

ಚೆನ್ನಬಸವ್ವ ಹೊಳೆಯಾಚೆಯ ಮನೆಗೆ ಬೀಗ ಹಾಕಿ ತಂಗಿಯ ಬಳಿಗೇ ಬಂದಳು. ತನ್ನ ದಿಂಬನ್ನೂ ತಂದಳು. ಆದರೆ ಮುಂಜಾನೆ ಕಟ್ಟೆಗೆ ಬರುವುದು ಮಾತ್ರ ಒಂದೇ. ಹೀಗಾದರೆ ಲೆಕ್ಕ ಇಡುವುದು ಹೇಗೆ, ಇನ್ನೊಂದು ದಿಂಬು ಎಲ್ಲಿ ಎಂದು ಒಂದು ದಿನ ಗದರಿಸಿಯೇ ಕೇಳಿದೆ.

“ಅದನ್ನ ಕಾಲಾಗ ಇಟ್ಕೊಂತೀವ್ರಿ,” ಎಂದಳು ನೀಲಗಂಗವ್ವ. “ಬ್ಯಾರೆ ಬ್ಯಾರೆ ಮಲಗಿದ್ರ ನಿಮಗ ತೂಗಾಕ ಸಸಾರ ಆಗತೈತಿ, ಖರೆ. ನಮಗ ಮಲಗಾಕ ಸಸಾರ ಆಗಂಗಿಲ್ಲ.”

ಹಾಗಾಗಿ ಅವರಿಬ್ಬರ ಹೆಸರಿನ ಮುಂದೆ ದಿನವೂ ಒಂದೇ ಅಂಕಿ ಬರೆಯುತ್ತೇನೆ. ಹನ್ನೊಂದೂವರೆ, ಹನ್ನೆರಡು, ಜಗಳವಾಡಿ ಮಲಗಿದ ದಿನ ಹತ್ತು. ಎಷ್ಟು ಯಾರದೆಂದು ನನಗಿನ್ನೂ ಗೊತ್ತಿಲ್ಲ.